ನೋಡಿ ಹೇಳುತ್ತೇವೆ

ಅಂಗಡಿಯಿಂದ ಬರಿಗೈಯಲ್ಲಿ ಹೊರಡುವಾಗ ನಮ್ಮ ಜನ ಹೇಳುವ ಮಾತೊಂದಿದೆ: “ನೋಡಿ ಹೇಳುತ್ತೇವೆ.” ಉಡುಪಿ ಕಡೆಯಲ್ಲಿ ಅದೇ “ನೋಡುವ” ಎಂದಾಗುತ್ತದೆ, ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದಿರುವ ನನ್ನಂಥವರ ಬಾಯಲ್ಲಿ “ಬಘೂನ್ ಸಾಂಗತೆ” ಎಂಬ ಮರಾಠಿಯಾಗಿಯೂ ಹೊರಡುತ್ತದೆ. ಮೂರಕ್ಕೂ ಅರ್ಥ ಒಂದೇ, ಬೇಡ. ಹೇಳುವವರಿಗೂ ಕೇಳುವವರಿಗೂ ಅದು ಗೊತ್ತಿರುವುದರಿಂದ ಸೀರೆಯಂಗಡಿಯಲ್ಲಾಗಲಿ ಪಾತ್ರೆಯಂಗಡಿಯಲ್ಲಾಗಲಿ ಅದನ್ನು ಯಾರೂ ಸುಳ್ಳೆಂದು ಎಣಿಸುವುದಿಲ್ಲ. ಮಗನ ನಿಶ್ಚಿತಾರ್ಥದ ಉಂಗುರಕ್ಕೆಂದು ವಜ್ರ ಹುಡುಕುತ್ತ ನಾನೂ ನಮ್ಮವರೂ ಐದು ಅಂಗಡಿಗಳ ಮೆಟ್ಟಿಲು ಹತ್ತಿಳಿದೆವು. ಐದೂ ಕಡೆ ಈ ಮಾತನ್ನೇ ಹೇಳಿ ಬಂದೆವು. ನಾಲ್ಕು ಕಡೆ ಹೇಳಿದ್ದು ಅಲ್ಲಲ್ಲಿಯೇ ಮರೆತುಹೋಗಿದೆ. ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ, ಫಡಕೆ ರಸ್ತೆಗೆ ಸಮೀಪದ ಗಲ್ಲಿಯೊಂದರ ಸಣ್ಣ ಅಂಗಡಿಯಲ್ಲಿ ಹೇಳಿದ್ದು ಮಾತ್ರ ಇನ್ನೂ ಒಳಗೆಲ್ಲೋ ಮುರಿದು ಉಳಿದ ಮುಳ್ಳಿನ ಹಾಗೆ ಆಗಾಗ ಚುಚ್ಚುತ್ತದೆ.

ಚಿನ್ನಕ್ಕೆ ದರವಿದೆ

ನಾಲ್ಕು ಅಂಗಡಿ ಸುತ್ತಿ ಬೆಲೆ ಕೇಳುವುದು ತಪ್ಪೆಂದು ನಾನು ಹೇಳಲಾರೆ. ವಜ್ರದ ಮಟ್ಟಿಗಂತೂ ಅದು ಅನಿವಾರ್ಯ. ನಾನು ನಿವೃತ್ತಳಾಗುವವರೆಗೆ ದುಡಿದದ್ದು ಬ್ಯಾಂಕಿನಲ್ಲಿ, ಅದರಲ್ಲಿ ಹಲವು ವರ್ಷ ಚಿನ್ನದ ಸಾಲದ ಮೇಜಿನಲ್ಲಿ. ಒಡವೆಯನ್ನು ತೂಗಿ, ಕಲ್ಲುಗಳ ತೂಕವನ್ನು ಅಂದಾಜು ಮಾಡಿ ಕಳೆದು, ಉಳಿದ ಚಿನ್ನಕ್ಕೆ ಮಾತ್ರ ಸಾಲ ಕೊಡುತ್ತಿದ್ದೆವು. ವಜ್ರದೋಲೆ ತಂದ ಹೆಂಗಸರು, ಇಡೀ ಓಲೆಯ ಬೆಲೆಯೇ ಕಲ್ಲಿನಲ್ಲಿರುವಾಗ ಆ ಕಲ್ಲನ್ನೇ ಕಸದಂತೆ ಕಳೆದುಬಿಡುತ್ತೀರಲ್ಲ ಎಂದು ಮುಖ ಸಣ್ಣದು ಮಾಡಿಕೊಂಡದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಅವರಿಗೆ ಕೊಡಲು ನನ್ನಲ್ಲಿದ್ದ ಉತ್ತರ ಒಂದೇ ಆಗಿತ್ತು: ಚಿನ್ನದ ದರ ಬೆಳಗಿನ ಪತ್ರಿಕೆಯಲ್ಲಿ ಬರುತ್ತದೆ, ವಜ್ರದ ದರ ಬರುವುದಿಲ್ಲ.

ವ್ಯಾಪಾರಿಗಳೊಳಗೆ ಒಂದು ಪಟ್ಟಿ ಇದೆ. ನ್ಯೂಯಾರ್ಕಿನ ಮಾರ್ಟಿನ್ ರಾಪಾಪೋರ್ಟ್ 1978ರಲ್ಲಿ ಆರಂಭಿಸಿದ ಆ ಪಟ್ಟಿ ಈಗಲೂ ವಾರಕ್ಕೊಮ್ಮೆ ಹೊರಡುತ್ತದೆ, ಮುಂಬಯಿಯ ವ್ಯಾಪಾರಿಗಳೂ “ರ‍್ಯಾಪ್‌ಗಿಂತ ಇಷ್ಟು ಕೆಳಗೆ” ಎಂದೇ ಲೆಕ್ಕ ಹಾಕುತ್ತಾರೆ. ಆದರೆ ಗಿರಾಕಿಯ ಕೈಗೆ ಅದು ಬರುವುದು ಅಪರೂಪ, ಬಂದರೂ ಪ್ರಯೋಜನ ಕಡಿಮೆ. ಕ್ಯಾರೆಟ್ಟು (ತೂಕ), ಕಟ್ಟು (ಕಲ್ಲನ್ನು ಕಡೆದ ರೀತಿ), ಬಣ್ಣ, ಶುದ್ಧತೆ ಎಂಬ ನಾಲ್ಕು ಲೆಕ್ಕಗಳು ಈಗ ಎಲ್ಲರಿಗೂ ಬಾಯಿಪಾಠವಾಗಿವೆ. ಅದರಿಂದಲೇ ಒಂದು ಭ್ರಮೆಯೂ ಹುಟ್ಟಿದೆ, ಕಾಗದದ ಮೇಲೆ ಒಂದೇ ಆಗಿರುವ ಎರಡು ಕಲ್ಲುಗಳು ನಿಜಕ್ಕೂ ಒಂದೇ ಎಂಬ ಭ್ರಮೆ. ನೂರು ಸೆಂಟಿಗೆ ಒಂದು ಕ್ಯಾರೆಟ್ಟು; 48 ಸೆಂಟಿನ ಕಲ್ಲಿಗೂ 50 ಸೆಂಟಿನ ಕಲ್ಲಿಗೂ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ, ಆದರೆ ಅರ್ಧ ಕ್ಯಾರೆಟ್ಟಿನ ಗೆರೆ ದಾಟಿದ ಕೂಡಲೇ ಬೆಲೆ ಹಾರುತ್ತದೆ. ಯಾವ ಪ್ರಯೋಗಾಲಯ ಕೊಟ್ಟ ವರದಿ ಎಂಬುದರ ಮೇಲೂ ಬೆಲೆ ಬದಲಾಗುತ್ತದೆ. ಬಿಡಿ ವಜ್ರಕ್ಕೆ ಜಿಎಸ್‌ಟಿ 1.5 ಶೇಕಡಾ, ಅದೇ ಕಲ್ಲು ಆಭರಣದಲ್ಲಿ ಕೂತರೆ 3 ಶೇಕಡಾ; ಒಬ್ಬರು ಬಿಡಿ ಕಲ್ಲಿನ ಬೆಲೆ ಹೇಳಿ, ಇನ್ನೊಬ್ಬರು ಉಂಗುರದ ಬೆಲೆ ಹೇಳಿದರೆ, ಮನೆಗೆ ಬಂದು ಕೂತು ಕೂಡಿಸಿ ಕಳೆದು ನೋಡುವ ತನಕ ಯಾವುದು ಅಗ್ಗವೆಂದು ತಿಳಿಯುವುದಿಲ್ಲ.

ಮಾಲ್ ಒಂದರ ಅಂಗಡಿಯಲ್ಲಿ ನಮಗೆ ಹೇಳಿದ ಬೆಲೆ ಉಳಿದೆಲ್ಲ ಕಡೆಗಳಿಗಿಂತ ಎಷ್ಟೋ ಪಾಲು ಕಡಿಮೆ ಇತ್ತು. ನಮ್ಮವರು ಆಗಲೇ ಹಿಂದಿನ ಅಂಗಡಿಯವರನ್ನೆಲ್ಲ ಕಳ್ಳರೆಂದು ತೀರ್ಮಾನಿಸಿ ಚೆಕ್ ಪುಸ್ತಕಕ್ಕೆ ಕೈ ಹಾಕಿದ್ದರು. ವರದಿಯ ಸಂಖ್ಯೆಯ ಮುಂದೆ “ಎಲ್ ಜಿ” ಎಂಬ ಎರಡು ಅಕ್ಷರ ಕಂಡು ಕೇಳಿದಾಗ ಅದು ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವೆಂದು ತಿಳಿಯಿತು. ಅದೂ ವಜ್ರವೇ, ಅದರಲ್ಲಿ ಮೋಸವೇನೂ ಇಲ್ಲ, ವರದಿಯಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಓದದೆ ಹೋಲಿಸಿದವರು ನಾವು. ಆದರೆ ವರದಿಯಲ್ಲಿ ಅಂಥ ಅಕ್ಷರಗಳನ್ನು ಗಮನಿಸಬೇಕೆಂದು ನನಗೆ ಮೊದಲೇ ಹೇಳಿಕೊಟ್ಟವರು ಯಾರು ಎಂಬುದನ್ನು ಈಗ ಹೇಳಬೇಕು.

ಗಲ್ಲಿಯ ಅಂಗಡಿ

ಅವರಿಗೆ ನಲವತ್ತು ದಾಟಿರಬಹುದು. ತಂದೆಯ ಕಾಲದ ಅಂಗಡಿ, ಮೂರು ಕುರ್ಚಿ ಹಾಕಿದರೆ ತುಂಬಿಹೋಗುವಷ್ಟು ಜಾಗ. ಮಂಗಳಸೂತ್ರದ ಕರಿಮಣಿ ಪೋಣಿಸಲು, ಕಿವಿಯೋಲೆಯ ತಿರುಪು ಬದಲಿಸಲು ನಾನು ಆಗೀಗ ಹೋಗುತ್ತಿದ್ದೆನೇ ಹೊರತು ದೊಡ್ಡ ಖರೀದಿಯನ್ನೇನೂ ಅಲ್ಲಿ ಮಾಡಿದ್ದಿಲ್ಲ. ವಜ್ರ ಬೇಕೆಂದಾಗ ಅವರು ನೇರವಾಗಿ, “ಕಾಕೂ, ಅರ್ಧ ಕ್ಯಾರೆಟ್ಟಿನ ಒಳ್ಳೆಯ ಕಲ್ಲನ್ನು ನಾನು ಅಂಗಡಿಯಲ್ಲಿ ಇಟ್ಟುಕೊಳ್ಳುವುದಿಲ್ಲ, ಎರಡು ದಿನ ಕೊಟ್ಟರೆ ಬಿಕೆಸಿಯಿಂದ ತರಿಸುತ್ತೇನೆ” ಎಂದರು. ಬಿಕೆಸಿ ಎಂದರೆ ಮುಂಬಯಿಯ ಬಾಂದ್ರಾ ಕುರ್ಲಾ ಸಂಕೀರ್ಣ, ಈಗ ವಜ್ರದ ವ್ಯಾಪಾರ ನಡೆಯುವ ಜಾಗ. ತರಿಸುವುದೆಂದರೆ ಕೊಂಡು ತರುವುದಲ್ಲ. ಮುಂಬಯಿಯ ಹೀರಾ ಬಜಾರಿನಲ್ಲಿ ಅದಕ್ಕೆ ಜಾಂಗಡ್ ಎನ್ನುತ್ತಾರೆ. ಒಂದು ಚೀಟಿಯ ಮೇಲೆ ಕಲ್ಲಿನ ತೂಕ, ಗುಣ, ಬೆಲೆ ಬರೆದು, ಮಾರಾಟವಾಗುವವರೆಗೆ ಒಡೆತನ ಕೊಟ್ಟವನದೇ, ಕೇಳಿದ ಕೂಡಲೇ ಹಿಂದಿರುಗಿಸಬೇಕು ಎಂಬ ಕರಾರಿನ ಮೇಲೆ ಲಕ್ಷಾಂತರ ರೂಪಾಯಿಯ ಮಾಲನ್ನು ಒಪ್ಪಿಸುವ ಪದ್ಧತಿ ಅದು. ವ್ಯಾಪಾರವೆಲ್ಲ ಆಪೆರಾ ಹೌಸ್ ಸುತ್ತಮುತ್ತ, ಪಂಚರತ್ನ ಕಟ್ಟಡದ ಮೆಟ್ಟಿಲುಗಳ ಮೇಲೆ ನಡೆಯುತ್ತಿದ್ದ ಕಾಲದಲ್ಲೂ ಹೀಗೆಯೇ ಇತ್ತು. 2010ರಲ್ಲಿ ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿ ಭಾರತ್ ಡೈಮಂಡ್ ಬೋರ್ಸ್ ತೆರೆದು, ಗಾಜಿನ ಗೋಪುರಗಳಿಗೂ ಗುರುತಿನ ಚೀಟಿಯ ಬಾಗಿಲುಗಳಿಗೂ ವ್ಯಾಪಾರ ಸ್ಥಳಾಂತರವಾದ ಮೇಲೂ ಚೀಟಿ ಹಾಗೆಯೇ ಉಳಿದಿದೆ.

ಎರಡು ದಿನ ಬಿಟ್ಟು ಹೋದಾಗ ಮೂರು ಪುಡಿಕೆಗಳು ಬಂದಿದ್ದವು. ಔಷಧದ ಪುಡಿ ಕಟ್ಟುವ ರೀತಿಯಲ್ಲಿಯೇ ಮಡಿಸಿದ ಕಾಗದ, ಒಳಗೆ ತೆಳು ನೀಲಿಯ ಇನ್ನೊಂದು ಪದರ. ಅಂಗಡಿಯ ಮೇಲ್ಛಾವಣಿಯ ದೀಪಗಳ ಕೆಳಗೆ ಗಾಜಿನ ಚೂರೂ ಹೊಳೆಯುತ್ತದೆ ಎಂದು ಹೇಳಿ ಅವರು ನಮ್ಮನ್ನು ಬಾಗಿಲ ಬಳಿಗೆ ಕರೆದು, ಬಿಳಿ ಕಾಗದದ ಮೇಲೆ ಕಲ್ಲುಗಳನ್ನು ಮಗುಚಿ ಇಟ್ಟು ಬಣ್ಣ ನೋಡುವುದನ್ನು ತೋರಿಸಿದರು. ಲೂಪ್ ಎಂಬ ಸಣ್ಣ ಭೂತಗನ್ನಡಿಯನ್ನು ಕಲ್ಲಿನ ಬಳಿ ಹಿಡಿದು ಬಗ್ಗಿ ನೋಡುತ್ತಿದ್ದ ನನಗೆ, ಅದನ್ನು ಕಣ್ಣಿಗೇ ಒತ್ತಿ ಹಿಡಿದು, ಇನ್ನೊಂದು ಕಣ್ಣನ್ನೂ ತೆರೆದಿಟ್ಟು, ಕಲ್ಲನ್ನು ಅದರತ್ತ ತರಬೇಕೆಂದು ತಿದ್ದಿದರು. ಹಾಗೆ ನೋಡುತ್ತ ನೋಡುತ್ತ ಕಲ್ಲಿನ ನಡುಪಟ್ಟಿಯ ಮೇಲೆ ಲೇಸರಿನಿಂದ ಕೆತ್ತಿದ ಅಂಕಿಗಳು ಒಮ್ಮೆಲೇ ಕಣ್ಣಿಗೆ ಬಿದ್ದವು: ಜಿಐಎ ಎಂಬ ಪ್ರಯೋಗಾಲಯದ ವರದಿಯ ಹತ್ತು ಅಂಕಿಗಳ ಸಂಖ್ಯೆ. ಅದನ್ನು ಓದಲು ಬಂದಾಗ ನನಗಾದ ಸಂತೋಷ, ಒಂದನೆಯ ತರಗತಿಯಲ್ಲಿ ಮೊದಲ ಸಲ ಅಂಗಡಿಯ ಬೋರ್ಡು ಓದಿದಾಗಿನ ಸಂತೋಷಕ್ಕಿಂತ ಕಡಿಮೆಯದಲ್ಲ.

ಮೂರರಲ್ಲಿ ಒಂದು ನಮಗೆ ಒಪ್ಪಿತು. 0.52 ಕ್ಯಾರೆಟ್, ಜಿ ಬಣ್ಣ, ವಿಎಸ್ ಒನ್ ಶುದ್ಧತೆ, ದುಂಡು ಕಟ್ಟು. ಕಲ್ಲಿಗೆ ಅವರು ಹೇಳಿದ ಬೆಲೆ 1,06,000 ರೂಪಾಯಿ. ಮಗ ಕೆಲಸದ ಮೇಲೆ ಪುಣೆಯಲ್ಲಿದ್ದ. ಅವನಿಗೆ ಕಳುಹಿಸಲು ವರದಿಯ ಫೋಟೋ ತೆಗೆದುಕೊಳ್ಳಬಹುದೇ ಎಂದು ನಮ್ಮವರು ಕೇಳಿದರು. ಬೇರೆ ಅಂಗಡಿಗಳಲ್ಲಿ ವರದಿಯ ಸಂಖ್ಯೆಯ ಮೇಲೆ ಹೆಬ್ಬೆರಳು ಇಟ್ಟು ತೋರಿಸುವುದನ್ನು ನಾವು ಕಂಡಿದ್ದೆವು. ಇವರು ಕಾಗದವನ್ನು ನೆಟ್ಟಗೆ ಮಾಡಿ, ನೆರಳು ಬೀಳದಂತೆ ಹಿಡಿದುಕೊಟ್ಟರು. ನಾವು ನೋಡಿ ಹೇಳುತ್ತೇವೆ ಎಂದು ಎದ್ದೆವು.

ಮುಂದಿನದು ಬೇಗ ಮುಗಿಯುವ ಕಥೆ. ನಮ್ಮವರ ಅಕ್ಕನ ಮಗನೊಬ್ಬ ಬಿಕೆಸಿಯಲ್ಲಿಯೇ ಲೆಕ್ಕಪತ್ರದ ಕೆಲಸದಲ್ಲಿದ್ದಾನೆ. ಭಾನುವಾರ ಊಟಕ್ಕೆ ಬಂದವನು ಫೋಟೋ ನೋಡಿ, “ಅತ್ತೆ, ಆ ನಂಬರ್ ನನಗೆ ಕೊಡಿ, ಇದು ಯಾರ ಕಲ್ಲು ಎಂದು ಹುಡುಕುವುದು ಕಷ್ಟವಲ್ಲ” ಎಂದ. ಕಷ್ಟವಾಗಲೂ ಇಲ್ಲ. ಮಂಗಳವಾರ ಫೋನ್ ಮಾಡಿ, ಅದೇ ಕಲ್ಲು, ನೇರವಾಗಿ, 88,000ಕ್ಕೆ ಎಂದ. ನಾನು ಬೇಡವೆನ್ನಲಿಲ್ಲ. ಹದಿನೆಂಟು ಸಾವಿರ ಉಳಿಯಿತೆಂದು ಅಂದು ರಾತ್ರಿ ಪಾಯಸ ಮಾಡಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಶುಕ್ರವಾರ ಸಂಜೆ ಗಲ್ಲಿಯ ಅಂಗಡಿಯಿಂದ ಕರೆ ಬಂತು. “ಕಾಕೂ, ಬಹಳ ಬೇಸರದ ಸಂಗತಿ. ನಿಮಗೆ ಒಪ್ಪಿದ್ದ ಆ ಕಲ್ಲನ್ನು ಪಾರ್ಟಿಯವರು ವಾಪಸು ಕೇಳಿದರು, ಬೇರೆ ಕಡೆ ಮಾರಾಟವಾಯಿತಂತೆ. ನಾನು ಮೊದಲೇ ಕಾದಿರಿಸಬೇಕಿತ್ತು, ನನ್ನದೇ ತಪ್ಪು. ಇನ್ನೆರಡು ತರಿಸಲೇ?” ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಹೇಳಬೇಕಾದ ಮಾತು ಏನೇನೋ ಇತ್ತು. ಬಾಯಿಂದ ಬಂದದ್ದು, “ಇರಲಿ ಬಿಡಿ, ನೋಡಿ ಹೇಳುತ್ತೇವೆ.”

ಟವೆಲಿನ ಕೆಳಗಿನ ಬೆಲೆ

ನಮ್ಮವರು ಇದರಲ್ಲಿ ತಪ್ಪೇ ಕಾಣುವುದಿಲ್ಲ. ಅವರ ವಾದವನ್ನು ತಳ್ಳಿಹಾಕುವುದು ಸುಲಭವೂ ಅಲ್ಲ. ವ್ಯಾಪಾರಿ ತನ್ನ ಲಾಭ ನೋಡುತ್ತಾನೆ, ಗಿರಾಕಿ ತನ್ನ ಲಾಭ ನೋಡುತ್ತಾನೆ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಎಂದು ಹಿರಿಯರೇ ಹೇಳಿಟ್ಟಿರುವಾಗ ನಮಗೇಕೆ ಹಿಂಜರಿಕೆ ಎಂಬುದು ಅವರ ಪ್ರಶ್ನೆ. ಪಿಂಚಣಿಯಲ್ಲಿ ಬದುಕುವವರಿಗೆ ಹದಿನೆಂಟು ಸಾವಿರ ಸಣ್ಣ ಮೊತ್ತವೂ ಅಲ್ಲ. ಆದರೂ ನನ್ನನ್ನು ಕಾಡುತ್ತಿದ್ದದ್ದು ಬೆಲೆಯ ಹೋಲಿಕೆಯಲ್ಲ ಎಂಬುದು ನನಗೆ ನಿಧಾನವಾಗಿ ತಿಳಿಯಿತು.

ಊರಿನ ದನದ ಜಾತ್ರೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಕೂಗಿ ಹೇಳುತ್ತಿರಲಿಲ್ಲ. ಮಾರುವವನೂ ಕೊಳ್ಳುವವನೂ ಟವೆಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ಬಿಟ್ಟು ಲೆಕ್ಕ ಹೇಳಿಕೊಳ್ಳುತ್ತಿದ್ದರು. ಸುತ್ತ ನಿಂತ ನಮಗೆ ಕಾಣುತ್ತಿದ್ದದ್ದು ಅಲುಗಾಡುವ ಬಟ್ಟೆ ಮಾತ್ರ. ರತ್ನದ ವ್ಯಾಪಾರಿಗಳಲ್ಲಿಯೂ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವ ಇದೇ ರೂಢಿಯಿತ್ತು. ಗುಟ್ಟು ಮಾಡಿ ಮೋಸ ಮಾಡಲು ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ಈಗ ಬೇರೆ ರೀತಿಯಲ್ಲಿ ಕಾಣುತ್ತದೆ. ಆ ಬೆಲೆ ಆ ಇಬ್ಬರಿಗೆ ಸೇರಿದ್ದು, ಆ ಹೊತ್ತಿಗೆ ಸೇರಿದ್ದು. ಕೈ ಬಿಟ್ಟ ಮೇಲೆ ಅದನ್ನು ಮುಂದಿನವನ ಬಳಿಗೆ ಒಯ್ಯುವಂತಿರಲಿಲ್ಲ. ವಜ್ರದ ವ್ಯಾಪಾರದಲ್ಲಿ ಇಂದಿಗೂ ಬೆಲ್ಜಿಯಮ್ಮಿನ ಆಂಟ್‌ವರ್ಪ್‌ನಿಂದ ಮುಂಬಯಿಯವರೆಗೆ “ಮಜಲ್” ಎಂಬ ಹೀಬ್ರೂ ಮಾತೊಂದು ಓಡಾಡುತ್ತದೆ. ಅದೃಷ್ಟ ಎಂದು ಅದರ ಅರ್ಥ. ಇಬ್ಬರೂ ಅದನ್ನು ಹೇಳಿ ಕೈ ಕುಲುಕಿದರೆ ವ್ಯವಹಾರ ಮುಗಿಯಿತು, ಕಾಗದದ ಅಗತ್ಯವಿಲ್ಲ, ಮರುದಿನ ಬೇರೆಯವನು ಹೆಚ್ಚು ಕೊಡುತ್ತೇನೆಂದರೂ ಹಿಂದೆ ಸರಿಯುವಂತಿಲ್ಲ. ಇಷ್ಟು ನಂಬಿಕೆಯ ಮೇಲೆ ನಿಂತಿರುವ ಬಜಾರಿನೊಳಗೆ, ಅದರ ಯಾವ ಕಟ್ಟುಪಾಡಿಗೂ ಒಳಪಡದ ನಾವು ಮೊಬೈಲ್ ಹಿಡಿದು ನುಗ್ಗುತ್ತೇವೆ. ನನ್ನ ಮಟ್ಟಿಗೆ ಆ ಪಾರ್ಟಿಯವರದೂ ತಪ್ಪೇ. ಜಾಂಗಡಿನಲ್ಲಿ ಒಬ್ಬನಿಗೆ ಕೊಟ್ಟ ಕಲ್ಲನ್ನು ಅವನದೇ ಗಿರಾಕಿಗೆ ಹಿಂಬಾಗಿಲಿನಿಂದ ಮಾರುವುದು ಅವರ ಬಜಾರಿನ ಮರ್ಯಾದೆಗೂ ಒಪ್ಪುವ ಮಾತಲ್ಲ. ಆದರೆ ಆ ಬಾಗಿಲು ತಟ್ಟಿದವಳು ನಾನು.

ಏಳನೆಯ ಕಲ್ಲು

ನನ್ನ ಅಜ್ಜಿಗೆ ಏಳು ಕಲ್ಲಿನ ಬೆಂಡೋಲೆಯಿತ್ತು. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಒಂದು ಓಲೆಯ ಕಲ್ಲು ಬಚ್ಚಲಿನಲ್ಲಿ ಬಿದ್ದು ಹೋಯಿತು. ಉಳಿದ ಆರಕ್ಕೆ ಹೊಂದುವ ಏಳನೆಯದನ್ನು ಹುಡುಕಲು ಅಪ್ಪ ಉಡುಪಿಯ ಪರಿಚಯದ ಅಕ್ಕಸಾಲಿಗರಿಗೆ ಹೇಳಿದರು, ಅವರು ಒಂದು ತಿಂಗಳ ಮೇಲೆ ಮೂರು ಕಲ್ಲುಗಳನ್ನು ಪುಡಿಕೆಯಲ್ಲಿ ತಂದು ಮನೆಯಲ್ಲಿಯೇ ಬಿಟ್ಟು ಹೋದರು. ವಜ್ರ ಎಲ್ಲರಿಗೂ ಆಗಿಬರುವುದಿಲ್ಲ ಎಂಬುದು ಆಗಿನವರ ನಂಬಿಕೆ. ಕೊಳ್ಳುವ ಮೊದಲು ಮೂರು ರಾತ್ರಿ ದೇವರ ಮುಂದಿಟ್ಟು, ಮನೆಯಲ್ಲಿ ಏನೂ ಕೆಡುಕಾಗದಿದ್ದರೆ ಮಾತ್ರ ಇಟ್ಟುಕೊಳ್ಳಬೇಕು. ಅಜ್ಜಿಗೆ ಬೇಕಾಗಿದ್ದದ್ದು ಬಿಸಿಲಿಗೆ ಹಿಡಿದರೆ ನೀಲಿ ಛಾಯೆ ತೋರುವ ಬ್ಲೂ ಜಾಗರ್ ಕಲ್ಲು. ಆ ಹೆಸರು ದಕ್ಷಿಣ ಆಫ್ರಿಕದ ಜಾಗರ್ಸ್‌ಫಾಂಟೇನ್ ಗಣಿಯದೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. (ಅಜ್ಜಿ ಹೆಚ್ಚು ಹಣ ಕೊಡಲು ಸಿದ್ಧಳಾಗಿದ್ದ ಆ ನೀಲಿಯನ್ನೇ ಇಂದಿನ ವರದಿಗಳು ಫ್ಲೋರಸೆನ್ಸ್ ಎಂದು ಬರೆಯುತ್ತವೆ, ಅದು ಗಾಢವಾಗಿದ್ದರೆ ವ್ಯಾಪಾರಿಗಳು ಸಾಮಾನ್ಯವಾಗಿ ಬೆಲೆ ಇಳಿಸುತ್ತಾರೆ. ಗಲ್ಲಿಯ ಅಂಗಡಿಯವರಿಗೆ ಇದನ್ನು ಹೇಳಿದಾಗ ಅವರು ಮನಸಾರೆ ನಕ್ಕಿದ್ದರು.)

ಎರಡನೆಯ ರಾತ್ರಿ ಹಟ್ಟಿಯಲ್ಲಿ ಕರು ಸತ್ತಿತು. ಅಜ್ಜಿ ಮೂರನೆಯ ರಾತ್ರಿಗೆ ಕಾಯಲಿಲ್ಲ. ಬೆಳಗ್ಗೆಯೇ ಅಪ್ಪನನ್ನು ಎಬ್ಬಿಸಿ ಪುಡಿಕೆಯನ್ನು ವಾಪಸು ಕಳುಹಿಸಿದಳು. ಅಪ್ಪನ ಸೈಕಲ್ಲಿನ ಮುಂದೆ ಕೂತು ನಾನೂ ಹೋಗಿದ್ದೆ. ಅಕ್ಕಸಾಲಿಗರು ಪುಡಿಕೆ ಬಿಡಿಸಿ ನೋಡಲೂ ಇಲ್ಲ, ಪೆಟ್ಟಿಗೆಯೊಳಗೆ ಇಟ್ಟು, “ಕರು ಯಾವ ಹಸುವಿನದು?” ಎಂದು ಕೇಳಿದರು. ಅಪ್ಪ ಹೇಳಿದ್ದು ಮೂರೇ ಮಾತು: ನಮಗೆ ಬೇಡ, ಕಲ್ಲು ಚೆನ್ನಾಗಿತ್ತು, ನಿಮಗೆ ತೊಂದರೆಯಾಯಿತು. ಬಸ್ಸಿನ ಖರ್ಚೆಂದು ಹತ್ತು ರೂಪಾಯಿ ಮುಂದಿಟ್ಟಾಗ ಅವರು ತೆಗೆದುಕೊಳ್ಳಲಿಲ್ಲ, ಆದರೆ ಇಟ್ಟದ್ದನ್ನು ಗಮನಿಸಿದರು. ಮುಂದಿನ ವರ್ಷ ಓಲೆಗೆ ಕಲ್ಲು ಕೂಡಿಸಿಕೊಟ್ಟವರೂ ಅವರೇ.

ಆ “ಬೇಡ” ಎಂಬ ಮಾತನ್ನು ಅಪ್ಪ ಅಂದು ಬೆಳಗ್ಗೆಯೇ ಹೋಗಿ ಹೇಳಿದ್ದರಲ್ಲಿ ಒಂದು ಲೆಕ್ಕವಿತ್ತು ಎಂದು ಈಗ ಅರ್ಥವಾಗುತ್ತದೆ. ಕಲ್ಲು ನಮ್ಮ ದೇವರ ಮುಂದೆ ಕೂತಿರುವಷ್ಟು ದಿನ ಅದು ಇನ್ನೊಬ್ಬರಿಗೆ ಮಾರಾಟವಾಗದೆ ಕೂತಿರುತ್ತದೆ. ಅಕ್ಕಸಾಲಿಗರೂ ಅದನ್ನು ಮತ್ತಾರಿಂದಲೋ ತಂದಿರುತ್ತಾರೆ. ನಾವು ಇಂದು ಮೃದುವಾಗಿ ನೋಡಿ ಹೇಳುತ್ತೇವೆ ಎಂದು ಬರುವಾಗ ಅಂಗಡಿಯವರ ಮೇಲೆ ದಯೆ ತೋರಿಸುತ್ತಿದ್ದೇವೆಂದು ತಿಳಿಯುತ್ತೇವೆ. ತೋರಿಸುವುದು ನಮ್ಮ ಮೇಲೆಯೇ. ಬೇಡ ಎನ್ನುವಾಗ ಎದುರಿನವರ ಮುಖ ನೋಡಬೇಕಾಗುತ್ತದೆ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ಹತ್ತು ಅಂಗಡಿ ಸುತ್ತಿ, ಆದರೆ ಸುತ್ತುತ್ತಿದ್ದೇವೆಂದು ಮೊದಲ ಅಂಗಡಿಯಲ್ಲಿಯೇ ಹೇಳಿಬಿಡಿ. ಅದರಿಂದ ಬೇಸರ ಮಾಡಿಕೊಳ್ಳುವ ವ್ಯಾಪಾರಿಯನ್ನು ನಾನಂತೂ ಕಂಡಿಲ್ಲ. ಕಲ್ಲು ಅಂಗಡಿಯದೇ ಅಥವಾ ನಮಗಾಗಿ ತರಿಸಿದ್ದೇ ಎಂದು ಕೇಳಿ. ಕಪಾಟಿನಲ್ಲಿ ಕೂತಿರುವ ಕಲ್ಲಿಗೆ ನಮ್ಮ ಋಣ ಕಡಿಮೆ, ನಮಗೆಂದು ಒಬ್ಬರು ಡೊಂಬಿವಲಿಯಿಂದ ಕುರ್ಲಾಕ್ಕೆ ಲೋಕಲ್ ಹಿಡಿದು, ಸಹಿ ಹಾಕಿ, ಜೇಬಿನಲ್ಲಿಟ್ಟುಕೊಂಡು ತಂದ ಕಲ್ಲಿಗೆ ಹೆಚ್ಚು. ಒಬ್ಬರಿಂದ ಕಲಿತ ವಿದ್ಯೆಯನ್ನು ಇನ್ನೊಂದು ಅಂಗಡಿಗೆ ಒಯ್ಯಬಹುದು, ವಿದ್ಯೆ ಹಾಗೆಯೇ ಓಡಾಡುವಂಥದ್ದು. ಗುಣ, ತೂಕ ಹೇಳಿ ಇಂಥದ್ದಕ್ಕೆ ನಿಮ್ಮಲ್ಲಿ ಎಷ್ಟು ಎಂದು ಕೇಳುವುದಕ್ಕೂ ಅಡ್ಡಿಯಿಲ್ಲ. ಒಬ್ಬರ ಕೈಬರಹದ ಚೀಟಿಯನ್ನು ಇನ್ನೊಬ್ಬರ ಮುಖದ ಮುಂದೆ ಆಡಿಸುವುದು ಮಾತ್ರ ಸಲ್ಲದು. ವರದಿಯ ಸಂಖ್ಯೆಯನ್ನು ಆ ಪ್ರಯೋಗಾಲಯದ ಜಾಲತಾಣದಲ್ಲಿ ಪರಿಶೀಲಿಸಲೇಬೇಕು, ಅದು ಗಿರಾಕಿಯ ಹಕ್ಕು. ಅದೇ ಸಂಖ್ಯೆಯ ಹಿಂದೆ ಬಿದ್ದು ಕಲ್ಲಿನ ಮನೆ ಹುಡುಕುವುದು ಹಕ್ಕಿನೊಳಗೆ ಬರುವುದಿಲ್ಲ. ಬೇರೆ ಕಡೆ ಕಡಿಮೆ ಸಿಕ್ಕರೆ, ಒಮ್ಮೆ ಹಿಂದಿರುಗಿ ಬಂದು, “ಇಷ್ಟಕ್ಕೆ ಸಿಗುತ್ತಿದೆ, ನಿಮಗೆ ಆಗುತ್ತದೆಯೇ?” ಎಂದು ಕೇಳಬಹುದಿತ್ತು. ಎರಡನೆಯ ಸಲ ಕೇಳಿದರೆ ಅದು ಚೌಕಾಸಿ. ಮೊದಲ ಸಲವೂ ಕೇಳದೆ ಇದ್ದದ್ದು ನಾನು ಮಾಡಿದ್ದು. ಬಹುಶಃ 1,00,000ಕ್ಕೆ ಇಳಿಯುತ್ತಿದ್ದರು. ಉಳಿದ ಹನ್ನೆರಡು ಸಾವಿರ ಆ ಎರಡು ಸಂಜೆಗಳ ಬೆಲೆಯೆಂದು ನಾನು ಕೊಡುತ್ತಿದ್ದೆನೇ ಎಂದು ಕೇಳಿಕೊಂಡರೆ ಪ್ರಾಮಾಣಿಕವಾದ ಉತ್ತರ ಇನ್ನೂ ಸಿಕ್ಕಿಲ್ಲ.

ಸಡಿಲವಾದ ಹಲ್ಲು

ನೇರವಾಗಿ ಬಂದ ಕಲ್ಲನ್ನು ಝವೇರಿ ಬಜಾರಿನ ಒಬ್ಬ ಬಂಗಾಳಿ ಕುಶಲಕರ್ಮಿಯ ಬಳಿ 18 ಕ್ಯಾರೆಟ್ ಚಿನ್ನದಲ್ಲಿ ಕೂಡಿಸಿದ್ದೆವು. ನಿಶ್ಚಿತಾರ್ಥವೂ ಆಯಿತು, ಮದುವೆಯೂ ಆಯಿತು. ಕಳೆದ ತಿಂಗಳು ಸೊಸೆಯ ದುಪಟ್ಟಾದ ದಾರ ಉಂಗುರಕ್ಕೆ ಸಿಕ್ಕಿಕೊಳ್ಳತೊಡಗಿತು. ಕಲ್ಲನ್ನು ಹಿಡಿದಿರುವ ನಾಲ್ಕು ಹಲ್ಲುಗಳಲ್ಲಿ ಒಂದು ಮೇಲೆದ್ದಿತ್ತು. ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದು ಆ ಗದ್ದಲದೊಳಗೆ ಹೋಗುವುದೆಂದರೆ ಒಂದು ದಿನದ ಕೆಲಸ. “ಅತ್ತೆ, ಇಲ್ಲೇ ಗಲ್ಲಿಯಲ್ಲಿ ಒಂದು ಅಂಗಡಿ ಇದೆಯಲ್ಲ” ಎಂದಳು ಅವಳು. ಅವಳಿಗೆ ಏನೂ ತಿಳಿದಿರಲಿಲ್ಲ. ತಿಳಿಸುವ ಧೈರ್ಯ ನನಗಿರಲಿಲ್ಲ. ಇಬ್ಬರೂ ಹೋದೆವು.

ಅವರು ಎಂದಿನಂತೆ ಕುರ್ಚಿ ಸರಿಸಿದರು, ಮದುವೆ ಚೆನ್ನಾಗಿ ಆಯಿತೇ ಎಂದು ಕೇಳಿದರು, ಸೊಸೆಗೆ ನೀರು ಕೊಡಿಸಿದರು. ಉಂಗುರವನ್ನು ಬಾಗಿಲ ಬಳಿಯ ಬೆಳಕಿಗೆ ಒಯ್ದು ಲೂಪನ್ನು ಕಣ್ಣಿಗೆ ಒತ್ತಿದರು. ಹಲ್ಲೊಂದು ಸಡಿಲವಾಗಿದೆ ಎಂದು ತಿಳಿಯಲು ಲೂಪು ಬೇಕಿರಲಿಲ್ಲ. ಉಂಗುರವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದರು, ಒಂದು ಕಡೆ ನಿಲ್ಲಿಸಿದರು. ಆಮೇಲೆ ಲೂಪು ಇಳಿಸಿ, “ಕಲ್ಲು ಚೆನ್ನಾಗಿದೆ ಕಾಕೂ” ಎಂದರು. ದುರಸ್ತಿಗೆ ನೂರೈವತ್ತು ರೂಪಾಯಿ, ಎರಡು ದಿನ ಬೇಕು. ಪುಸ್ತಕ ತೆಗೆದು, ಉಂಗುರವನ್ನು ತಕ್ಕಡಿಯ ಮೇಲಿಟ್ಟು ಒಟ್ಟು ತೂಕ ಬರೆದರು. ಅದರ ಕೆಳಗಿನ ಸಾಲಿನಲ್ಲಿ, ನನ್ನನ್ನು ಏನನ್ನೂ ಕೇಳದೆ, ಉಂಗುರದಲ್ಲಿ ಕೂತ ಕಲ್ಲನ್ನು ಯಾವ ತಕ್ಕಡಿಯೂ ತೂಗಲಾರದೆಂಬುದು ನಮ್ಮಿಬ್ಬರಿಗೂ ಗೊತ್ತಿದ್ದೂ, ವಜ್ರ 1, 0.52 ಕ್ಯಾರೆಟ್ ಎಂದು ಬರೆದು, ಚೀಟಿಯನ್ನು ನನ್ನ ಕಡೆಗೆ ತಿರುಗಿಸಿ ಸಹಿ ಹಾಕಲು ಪೆನ್ನು ಕೊಟ್ಟರು.

“ಗುರುವಾರ ಬನ್ನಿ” ಎಂದರು.